ಮಂದಿರದ ಕೊಪ್ಪರಿಗೆಯೂ ಹೆಂಡತಿಯ ಡೇಟಾಬೇಸೂ

ನನ್ನ ಹೆಂಡತಿ ತೀರಿಕೊಂಡ ಹನ್ನೊಂದನೆಯ ತಿಂಗಳಲ್ಲಿ ನಾನು ಅವಳ ಲ್ಯಾಪ್‌ಟಾಪಿನ ಮುಂದೆ ಕುಳಿತದ್ದು ಒಂದು ಕೊಪ್ಪರಿಗೆಯನ್ನು ಹುಡುಕುವುದಕ್ಕೆ. ಇನ್ನೂರು ಜನರಿಗೆ ಪಾಯಸ ಮಾಡುವಂಥ ತಾಮ್ರದ ಪಾತ್ರೆ ಲ್ಯಾಪ್‌ಟಾಪಿನೊಳಗೆ ಇರುವುದಿಲ್ಲ ಎನ್ನುವಷ್ಟು ತಿಳಿವಳಿಕೆ ನನಗಿದೆ. ಆದರೆ ಅದು ಯಾರ ಮನೆಯಲ್ಲಿದೆ ಎನ್ನುವುದು ಅದರೊಳಗೆ ಮಾತ್ರ ಇತ್ತು, ಬೇರೆಲ್ಲಿಯೂ ಇರಲಿಲ್ಲ.

ನಾನು ಓದಿದ್ದು ಹತ್ತನೆಯ ತರಗತಿ. ಕಾರ್ಕಳದಿಂದ ಮಣಿಪಾಲದ ಮೇಲೆ ಉಡುಪಿಗೆ ಹೋಗುವ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದೆ. ಅವಳು ಕಾರ್ಕಳದಲ್ಲಿ ಹತ್ತಿ ಮಣಿಪಾಲದಲ್ಲಿ ಇಳಿಯುತ್ತಿದ್ದಳು. ಅಲ್ಲಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಬಾಗಿಲು ತೆಗೆಯುವುದು, ಹಾಜರಿ ಬರೆಯುವುದು ಅವಳ ಕೆಲಸ. ಹಾಜರಿ ಬರೆದ ಮೇಲೆ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಎದ್ದು ಹೋಗು ಎಂದು ಯಾರೂ ಹೇಳಲಿಲ್ಲ. ಹಾಗಾಗಿ ವರ್ಷ ವರ್ಷವೂ ಅದೇ ಪಾಠವನ್ನು ಕೇಳಿ, ಶುಲ್ಕ ಕೊಟ್ಟವರಿಗಿಂತ ಚೆನ್ನಾಗಿ ಕಲಿತಳು. ಮದುವೆಯಾಗಿ ಕಾಪುವಿಗೆ ಬಂದ ಮೇಲೂ ಕೆಲಸ ಬಿಡಲಿಲ್ಲ. ನಮಗೆ ಮಕ್ಕಳಿಲ್ಲ. ಕೆಲಸ ಬಿಟ್ಟ ಮೇಲೆ ಅವಳು ನಮ್ಮ ಊರಿನ ಭಜನಾ ಮಂದಿರದ ಪಾತ್ರೆಗಳ ಉಸ್ತುವಾರಿ ವಹಿಸಿಕೊಂಡಳು.

ಮಂದಿರದ ಪಾತ್ರೆಗಳನ್ನು ಊರಿನವರು ಮದುವೆಗೆ, ಗೃಹಪ್ರವೇಶಕ್ಕೆ, ಸತ್ತವರ ಬೊಜ್ಜದ ಊಟಕ್ಕೆ ಒಯ್ಯುತ್ತಾರೆ. ಬಾಡಿಗೆ ಇಲ್ಲ. ಕೆಲಸ ಮುಗಿದ ಮೇಲೆ ತಂದುಕೊಡಬೇಕು. ತಂದುಕೊಡುವುದಿಲ್ಲ. ಹಾಗೆಂದು ಕೇಳುವಂತೆಯೂ ಇಲ್ಲ. ನಮ್ಮ ಕಡೆ ಕೊಟ್ಟ ಪಾತ್ರೆಯನ್ನು ಬಾಗಿಲಿಗೆ ಹೋಗಿ ಬಾಯಿಬಿಟ್ಟು ಕೇಳಿದರೆ ಆ ಮನೆಯವರನ್ನು ಕಳ್ಳರೆಂದ ಹಾಗೆ. ಆಮೇಲೆ ಮೂರು ತಲೆಮಾರು ಮಾತು ಬಿಡುತ್ತಾರೆ. ಅವಳು ಕೇಳುತ್ತಿರಲಿಲ್ಲ. ಸುಮ್ಮನೆ ಅವರ ಮನೆಗೆ ಹೋಗಿ ಕುಳಿತು, ಏನೋ ಮಾತಾಡಿ ಬರುತ್ತಿದ್ದಳು. ಮರುದಿನ ಪಾತ್ರೆ ಮಂದಿರದಲ್ಲಿರುತ್ತಿತ್ತು. ಹೇಗೆ ಎಂದು ನನಗೆ ತಿಳಿದಿರಲಿಲ್ಲ. ಯಾವ ಮನೆಗೆ ಹೋಗಬೇಕು ಎನ್ನುವುದನ್ನು ಮಾತ್ರ ಡೇಟಾಬೇಸ್ ಹೇಳುತ್ತದೆ ಎಂದು ತಿಳಿದಿತ್ತು.

ಅದರಲ್ಲಿ ಮೂರು ಪಟ್ಟಿಗಳಿದ್ದವು. ಒಂದರಲ್ಲಿ ಪಾತ್ರೆಗಳು, ಇನ್ನೊಂದರಲ್ಲಿ ಮನೆಗಳು, ಮೂರನೆಯದರಲ್ಲಿ ಯಾವ ಪಾತ್ರೆ ಯಾವ ಮನೆಗೆ ಯಾವತ್ತು ಹೋಯಿತು, ಯಾವತ್ತು ಬಂತು ಎನ್ನುವುದು.

"ಒಂದೇ ಉದ್ದದ ಪಟ್ಟಿ ಮಾಡಿದರೆ ಸಾಲದಾ?" ಎಂದು ಒಮ್ಮೆ ಕೇಳಿದ್ದೆ.

"ನೀವು ಟಿಕೆಟಿನಲ್ಲಿ ಪ್ಯಾಸೆಂಜರಿನ ಅಪ್ಪನ ಹೆಸರು, ಮನೆಗೆ ಹೋಗುವ ದಾರಿ, ಅವರ ನಾಯಿ ಕಚ್ಚುತ್ತದಾ ಇಲ್ಲವಾ ಅಂತೆಲ್ಲ ಬರೆಯುತ್ತಿದ್ದಿರಾ?"

"ಇಲ್ಲ. ಎಲ್ಲಿಂದ ಎಲ್ಲಿಗೆ ಅಂತ ನಂಬರ್ ಮಾತ್ರ."

"ಹಾಗೆಯೇ ಇದು. ಪಾತ್ರೆಗೆ ಒಂದು ನಂಬರ್, ಮನೆಗೆ ಒಂದು ನಂಬರ್. ಟಿಕೆಟಿನಲ್ಲಿ ನಂಬರ್ ಮಾತ್ರ. ನಾಯಿಯ ಸುದ್ದಿ ಮನೆಯ ಪಟ್ಟಿಯಲ್ಲಿ ಒಂದೇ ಸಲ ಬರೆದರೆ ಆಯಿತು."

ಕಂಪ್ಯೂಟರಿನ ಬಗ್ಗೆ ನನಗೆ ಅರ್ಥವಾದದ್ದು ಅಷ್ಟೇ, ಅದೂ ಅವಳು ಬಸ್ಸಿನಲ್ಲಿಟ್ಟು ಹೇಳಿದ್ದರಿಂದ.

ದೀಪಾವಳಿ ಕಳೆದ ವಾರ ಅತ್ತಿಗೆ ಫೋನ್ ಮಾಡಿ ಕಾರ್ಕಳಕ್ಕೆ ಬರಹೇಳಿದರು. ಅತ್ತಿಗೆ ಎಂದರೆ ನನ್ನ ಹೆಂಡತಿಯ ಅಕ್ಕ. ಬೈಯುವುದರಲ್ಲಿ ಅವರಿಗೆ ಇಡೀ ತಾಲೂಕಿನಲ್ಲಿ ಹೆಸರಿದೆ. ಮನೆಯ ಚಾವಡಿಯಲ್ಲಿ ನನ್ನನ್ನು ಕೂರಿಸಿದರು. ಪಕ್ಕದಲ್ಲಿ ಹಳೆಯ ಸೀರೆ ಹೊದಿಸಿದ ಒಂದು ದುಂಡನೆಯ ಎತ್ತರದ ವಸ್ತು, ಅದರ ಮೇಲೆ ಟೇಬಲ್ ಫ್ಯಾನ್. ನಾನು ಟೀ ಲೋಟವನ್ನು ಫ್ಯಾನಿನ ಪಕ್ಕ ಇಟ್ಟುಕೊಂಡೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ತುಳುವಿನಲ್ಲಿ ಇನ್ನೂ ಸ್ವಲ್ಪ ಖಾರವಾಗಿತ್ತು.

"ಭಾವ, ಅವಳ ವರ್ಷಾಂತದ ಪಾಯಸ ಎಂತದರಲ್ಲಿ ಮಾಡಿಸುತ್ತೀರಿ?"

"ಉಡುಪಿಯಿಂದ ಬಾಡಿಗೆಗೆ ಪಾತ್ರೆ ತರಿಸುವುದು ಅಂತ."

"ಬಾಡಿಗೆಗೆ." ಅತ್ತಿಗೆ ಆ ಪದವನ್ನು ಮೀನಿನ ಮುಳ್ಳಿನ ಹಾಗೆ ಬಾಯಿಯಿಂದ ತೆಗೆದಿಟ್ಟರು. "ಅವಳ ಮದುವೆಯ ಪಾಯಸ ಎಂತದರಲ್ಲಿ ಆದದ್ದು?"

"ಕೊಪ್ಪರಿಗೆಯಲ್ಲಿ."

"ಯಾರ ಕೊಪ್ಪರಿಗೆ?"

"ನಿಮ್ಮ ಅಮ್ಮನದ್ದು."

"ಮದುವೆ ಮುಗಿದ ಮೇಲೆ ಅಮ್ಮ ಅದನ್ನು ನಿಮ್ಮ ಮಂದಿರಕ್ಕೆ ಕೊಟ್ಟರಲ್ಲ, ಅದು ಈಗ ಎಲ್ಲಿ ಉಂಟು?"

ಮಂದಿರದಲ್ಲಿ ಇಲ್ಲ ಎಂದು ನನಗೆ ಗೊತ್ತಿತ್ತು. "ಯಾರೋ ಒಯ್ದಿದ್ದಾರೆ" ಎಂದೆ.

"ಯಾರೋ ಒಯ್ದಿದ್ದಾರಂತೆ. ಅಮ್ಮನ ಕೊಪ್ಪರಿಗೆ. ಯಾವ ಮನೆಹಾಳರ ಹಟ್ಟಿಯಲ್ಲಿ ದನಕ್ಕೆ ನೀರು ಕೊಡಲಿಕ್ಕೆ ಇಟ್ಟಿದ್ದಾರೋ. ಕೇಳಿ ಭಾವ, ಅದರಲ್ಲಿ ಪಾಯಸ ಆದರೆ ನಾನು ಊಟಕ್ಕೆ ಕೂರುತ್ತೇನೆ. ಇಲ್ಲದಿದ್ದರೆ ಬಂದು, ಕೈಮುಗಿದು, ಖಾಲಿ ಹೊಟ್ಟೆಯಲ್ಲಿ ಕಾರ್ಕಳದ ಬಸ್ಸು ಹತ್ತುತ್ತೇನೆ."

ಅವರು ಹೇಳಿದರೆ ಹೇಳಿದ ಹಾಗೆ. ತಂಗಿಯ ವರ್ಷಾಂತಕ್ಕೆ ಅಕ್ಕ ಉಣ್ಣದೆ ಹೋದರೆ ಆ ದಿನ ನಾನು ಬೇರೆ ಏನು ಮಾಡಿಯೂ ಪ್ರಯೋಜನವಿಲ್ಲ. ಉಳಿದಿದ್ದದ್ದು ಒಂದು ತಿಂಗಳು.

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಅವಳು ಅಡುಗೆಯ ನೋಟುಬುಕ್ಕಿನ ಕೊನೆಯ ಪುಟದಲ್ಲಿ, ಮಾವಿನ ಮಿಡಿಯ ಉಪ್ಪಿನಕಾಯಿಯ ಕೆಳಗೆ, ಎಲ್ಲ ಬರೆದಿಟ್ಟಿದ್ದಳು. ಕಪ್ಪು ಕಿಟಕಿ ತೆರೆಯಬೇಕು, ಈ ಸಾಲು ಬರೆಯಬೇಕು, ಪಾಸ್‌ವರ್ಡ್ ಕೇಳುತ್ತದೆ, ಕೊಡಬೇಕು. ಪಾಸ್‌ವರ್ಡ್ ಎಂದರೆ ಇಂಗ್ಲಿಷ್ ಅಕ್ಷರದಲ್ಲಿ ಕಾರ್ಕಳ ಎಂದು ಬರೆದು, ಮುಂದೆ ಸೊನ್ನೆ ಏಳು ಒಂದು ಏಳು. ನಮ್ಮ ಬಸ್ಸು ಕಾರ್ಕಳ ಬಿಡುತ್ತಿದ್ದದ್ದು ಏಳು ಹದಿನೇಳಕ್ಕೆ. ಇದನ್ನು ಓದಿ ಯಾರಾದರೂ ಕದಿಯಲು ಬಂದರೆ ಬರಲಿ. ಸಿಗುವುದು ಸೌಟುಗಳ ಪಟ್ಟಿ.

ಪಾಸ್‌ವರ್ಡ್ ಬರೆಯುವಾಗ ಪರದೆಯ ಮೇಲೆ ಏನೂ ಕಾಣಲಿಲ್ಲ. ಚುಕ್ಕಿಯೂ ಇಲ್ಲ, ನಕ್ಷತ್ರವೂ ಇಲ್ಲ. ಕತ್ತಲೆಯಲ್ಲಿ ಟಿಕೆಟ್ ಹರಿದ ಹಾಗೆ ಬರೆದು ಎಂಟರ್ ಒತ್ತಿದೆ. ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಪ್ರವೇಶ ನಿರಾಕರಿಸಲಾಗಿದೆ, ಪಾಸ್‌ವರ್ಡ್ ಬಳಸಲಾಗಿದೆಯೇ: ಹೌದು. ಹೀಗೆ ಅದರ ಅರ್ಥ. ನಾನು ಪಾಸ್‌ವರ್ಡ್ ಕೊಟ್ಟಿದ್ದೇನೆ ಎಂದು ಅದೇ ಒಪ್ಪಿಕೊಳ್ಳುತ್ತದೆ. ಒಪ್ಪಿಕೊಂಡು ಹೊರಗೆ ನಿಲ್ಲಿಸುತ್ತದೆ. ಪಾಸ್ ತೋರಿಸಿದ ಪ್ರಯಾಣಿಕನನ್ನು ಪಾಸ್ ಇದೆ ಎಂದು ಹೇಳಿಯೇ ಕೆಳಗಿಳಿಸಿದ ಹಾಗಾಯಿತು. ಹನ್ನೆರಡು ಸಲ ಬರೆದೆ. ಹನ್ನೆರಡು ಸಲವೂ ಹೌದು ಎಂದಿತು.

ನೋಟುಬುಕ್ಕಿನಲ್ಲಿ ಇನ್ನೂ ಒಂದು ಸಾಲಿತ್ತು: "ತೊಂದರೆ ಬಂದರೆ ಇಲ್ಲಿ ಕೇಳಬಹುದು, ಒಳ್ಳೆಯ ಜನ." ಕೆಳಗೆ ಅಂತರ್ಜಾಲದ ಒಂದು ಬಳಗದ ವಿಳಾಸ. ಜಗತ್ತಿನ ಯಾವ ಯಾವುದೋ ಊರಿನವರು ಅಲ್ಲಿ ಕುಳಿತು, ಬೇರೆಯವರ ಡೇಟಾಬೇಸ್ ಯಾಕೆ ಕೆಟ್ಟಿದೆ ಎಂದು ಪುಕ್ಕಟೆಯಾಗಿ ಹೇಳುತ್ತಾರೆ. ನಾನು ಮೊಬೈಲಿನಲ್ಲಿ ಕನ್ನಡದಲ್ಲಿ ಬರೆದೆ, ಮೊಬೈಲು ಅದನ್ನು ಇಂಗ್ಲಿಷ್ ಮಾಡಿತು. ಕಾಗದ ಬರೆಯುವ ಕ್ರಮ ನನಗೆ ಗೊತ್ತು. ಮಾನ್ಯರೇ, ನಾನು ಕ್ಷೇಮ, ತಾವೂ ಮನೆಮಂದಿಯೂ ಕ್ಷೇಮವೆಂದು ನಂಬುತ್ತೇನೆ ಎಂದು ಆರಂಭಿಸಿ, ನಮ್ಮ ಮದುವೆ, ಕೊಪ್ಪರಿಗೆಯ ದಾನ, ಅತ್ತಿಗೆಯ ಸ್ವಭಾವ ಎಲ್ಲವನ್ನೂ ವಿವರಿಸಿ, ನಲವತ್ತನೆಯ ಸಾಲಿನಲ್ಲಿ ಬಾಗಿಲು ತೆರೆಯುತ್ತಿಲ್ಲ ಎಂದೆ. ಪರದೆಯ ಫೋಟೋವನ್ನೂ ಹಾಕಿದೆ. ಫೋಟೋದಲ್ಲಿ ಬರಹಕ್ಕಿಂತ ನನ್ನ ಮುಖದ ಪ್ರತಿಬಿಂಬ ಸ್ಪಷ್ಟವಾಗಿತ್ತು.

ಒಬ್ಬರು, "ಇದರಲ್ಲಿ ಪ್ರಶ್ನೆ ಎಲ್ಲಿದೆ?" ಎಂದು ಕೇಳಿದರು. ಇನ್ನೊಬ್ಬರು, ಫೋಟೋ ಹಾಕಬಾರದು, ದೋಷದ ಸಾಲನ್ನು ಅಕ್ಷರದಲ್ಲೇ ಹಾಕಬೇಕು ಎಂದರು. ಮೂರನೆಯವರು, "ಕೊಪ್ಪರಿಗೆ ಎನ್ನುವ ತಂತ್ರಾಂಶದ ಯಾವ ಆವೃತ್ತಿ ಬಳಸುತ್ತಿದ್ದೀರಿ?" ಎಂದು ಬಹಳ ವಿನಯದಿಂದ ವಿಚಾರಿಸಿದರು. ಅಷ್ಟರಲ್ಲಿ ಮೇಲ್ವಿಚಾರಕರು ಬಂದು, ನನ್ನ ಮದುವೆ, ಅತ್ತಿಗೆ, ಕ್ಷೇಮ ಸಮಾಚಾರ ಎಲ್ಲವನ್ನೂ ಅಳಿಸಿ, ಒಂದೇ ಒಂದು ಸಾಲು ಉಳಿಸಿದರು. ಓದಿದರೆ ಯಾರೋ ಬೇರೆಯವರ ಕಷ್ಟದ ಹಾಗೆ ಕಾಣುತ್ತಿತ್ತು.

ನನಗೆ ಬೇಸರವಾಗಲಿಲ್ಲ. ಬಸ್ಸಿನಲ್ಲಿ ಉಡುಪಿಗೆ ಯಾಕೆ ಹೋಗುತ್ತಿದ್ದೇನೆಂದು ಹೇಳಲು ಹೊರಟವರಿಗೆ ನಾನೂ ಹಾಗೆಯೇ ಅಂದದ್ದುಂಟು: "ಎಲ್ಲಿಗೆ ಅಂತ ಹೇಳಿ, ಬೇಗ." ರಶ್ಶಿನಲ್ಲಿ ಕಥೆ ಕೇಳಲಾಗುವುದಿಲ್ಲ.

ಕೊನೆಗೆ ಒಬ್ಬರು ನನ್ನನ್ನು ಹಿಡಿದುಕೊಂಡರು. ಹೆಸರಿನ ಬದಲು ಒಂದು ಹಸಿರು ಕಪ್ಪೆಯ ಚಿತ್ರವಿತ್ತು. ಗಂಡಸೋ ಹೆಂಗಸೋ, ಯಾವ ದೇಶವೋ ತಿಳಿಯದು. ನಾನು ಮನಸ್ಸಿನಲ್ಲಿ ಕಪ್ಪೆ ಎಂದೇ ಕರೆಯುತ್ತಿದ್ದೆ.

"ಪಾಸ್‌ವರ್ಡ್ ಸರಿಯಾಗಿ ಬರೆಯುತ್ತಿದ್ದೀರಾ?" ಎಂದು ಕಪ್ಪೆ ಕೇಳಿತು.

ಮೂವತ್ತು ವರ್ಷ ನೂಕುನುಗ್ಗಲಿನಲ್ಲಿ ಒಂದು ತಪ್ಪಿಲ್ಲದೆ ಟಿಕೆಟ್ ಕೊಟ್ಟವನಿಗೆ ಇದು ಸ್ವಲ್ಪ ನಾಟಿತು. "ಹೌದು" ಎಂದಷ್ಟೇ ಬರೆದೆ.

"ಇದು ಕೊನೆಯ ಸಲ ಸರಿಯಾಗಿ ತೆರೆದ ಮೇಲೆ ಆ ಯಂತ್ರದಲ್ಲಿ ಏನಾದರೂ ಬದಲಾಗಿದೆಯೇ?"

"ಏನೂ ಬದಲಾಗಿಲ್ಲ" ಎಂದು ಬರೆದೆ.

ಅದು ಸುಳ್ಳು. ಕೊನೆಯ ಸಲ ತೆರೆದವಳು ಅವಳು. ಆ ಮೇಲೆ ಬದಲಾಗದೆ ಉಳಿದದ್ದೇ ಕಡಿಮೆ. ಆದರೆ ಕಥೆ ಹೇಳಬೇಡಿ ಎಂದು ಮೊದಲೇ ಹೇಳಿದ್ದರು. ಕಪ್ಪೆ ಕೇಳಿದ್ದು ಯಂತ್ರದ ಬಗ್ಗೆ ಮಾತ್ರ, ಅದರಲ್ಲಿಯೂ ನನ್ನ ಉತ್ತರ ಸುಳ್ಳಾಗಿತ್ತು.

ನವರಾತ್ರಿಯ ಆಯುಧ ಪೂಜೆಗೆ ನಾನು ಬಸ್ಸಿನಲ್ಲಿ ಸ್ಟೇರಿಂಗಿಗೆ, ಗೇರಿಗೆ, ಹಾರ್ನಿಗೆ ಗಂಧ ಹಚ್ಚುತ್ತಿದ್ದವನು. ನಿವೃತ್ತನಾದ ಮೇಲೆ ಮನೆಯಲ್ಲಿ ಕತ್ತಿಗೆ, ಹಾರೆಗೆ, ಸ್ಕೂಟರಿಗೆ ಪೂಜೆ. ಲ್ಯಾಪ್‌ಟಾಪನ್ನು ಅವಳು ನನ್ನ ಕೈಗೆ ಕೊಡುತ್ತಿರಲಿಲ್ಲ. ಮುಚ್ಚಿದ ಹಾಗೆಯೇ ಮೇಲೊಂದು ಮಲ್ಲಿಗೆ ಇಟ್ಟು ಮುಗಿಸುತ್ತಿದ್ದಳು. ಈ ವರ್ಷ ನಮಗೆ ಹಬ್ಬವಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಯಾವ ಹಬ್ಬವನ್ನೂ ಮಾಡುವಂತಿಲ್ಲ. ಕತ್ತಿಗೂ ಇಲ್ಲ, ಸ್ಕೂಟರಿಗೂ ಇಲ್ಲ. ಅವಕ್ಕೆ ಇಲ್ಲದಿದ್ದರೆ ನನಗೇನೂ ಅನ್ನಿಸಲಿಲ್ಲ. ಲ್ಯಾಪ್‌ಟಾಪನ್ನು ನೋಡಿ ಮಾತ್ರ ತಡೆಯಲಾಗಲಿಲ್ಲ. ಎದುರು ಬಾಗಿಲಿಗೆ ಚಿಲಕ ಹಾಕಿ, ಹಾಡುಹಗಲೇ ಕಳ್ಳನ ಹಾಗೆ ಕುಳಿತು ಗಂಧ ತೇದೆ. ಲ್ಯಾಪ್‌ಟಾಪನ್ನು ತೆರೆದು, ಪರದೆಯ ಮೇಲೊಂದು, ಕೆಳಗೊಂದು, ಬಟನ್‌ಗಳ ಮೇಲಿನ ಸಾಲಿನ ನಡುವೆ ಒಂದು, ಹೀಗೆ ಮೂರು ಬೊಟ್ಟು ಇಟ್ಟೆ. ನನ್ನ ಕೈ ಬಸ್ಸಿಗೆ ಗಂಧ ಹಚ್ಚಿದ ಕೈ. ಅಳತೆ ಬಸ್ಸಿನದ್ದೇ. ಅದು ಹರಿಯಿತು. ಪಂಚೆಯ ತುದಿಯಲ್ಲಿ ಒರೆಸಿದೆ. ಒರೆಸಿದಷ್ಟು ಬಂತು.

ಇದನ್ನು ಯಾರಿಗೂ ಹೇಳಲಿಲ್ಲ. ಒಬ್ಬರ ಕಿವಿಗೆ ಬಿದ್ದರೆ ಅತ್ತಿಗೆಯ ಕಿವಿಗೆ ಬೀಳುತ್ತದೆ. ಕಪ್ಪೆಗೆ ಅತ್ತಿಗೆಯ ಪರಿಚಯ ಇರಲಾರದು ಎನ್ನುವುದು ನಿಜ. ಆದರೂ ಮುಚ್ಚಿಟ್ಟ ವಿಷಯ ಮುಚ್ಚಿಟ್ಟೇ ಅಭ್ಯಾಸವಾಗುತ್ತದೆ.

ಸುಳ್ಳಿನ ಮೇಲೆ ಕಪ್ಪೆ ಬಹಳ ದುಡಿಯಿತು. ಡೇಟಾಬೇಸಿನ ಸೇವೆ ನಡೆಯುತ್ತಿದೆಯೇ ನೋಡಿ, ನಿಲ್ಲಿಸಿ ಮತ್ತೆ ಆರಂಭಿಸಿ, ಆ ಕಡತ ತೆರೆದು ಈ ಸಾಲು ಕಳುಹಿಸಿ ಎಂದು ದಿನಕ್ಕೊಂದು ಕೆಲಸ ಹೇಳುತ್ತಿತ್ತು. ಅದು ಬರೆದ ಸಾಲುಗಳನ್ನು ನಾನು ಲ್ಯಾಪ್‌ಟಾಪಿನಲ್ಲಿ ಎತ್ತಿ ಹಾಕುತ್ತಿದ್ದೆ. ಎಲ್ಲವೂ ಸರಿಯಾಗಿಯೇ ಇತ್ತು. ಬಾಗಿಲು ಮಾತ್ರ ತೆರೆಯಲಿಲ್ಲ.

ನಡುವೆ ಮಣಿಪಾಲದ ಒಂದು ರಿಪೇರಿ ಅಂಗಡಿಗೂ ಹೋದೆ. ಕನ್ನಡಕ ಹಾಕಿದ ಯಜಮಾನರು ಲ್ಯಾಪ್‌ಟಾಪನ್ನು ಎರಡು ಸಲ ತಿರುಗಿಸಿ ನೋಡಿದರು.

"ಫಾರ್ಮ್ಯಾಟ್ ಮಾಡಿ ಕೊಡುತ್ತೇನೆ. ಒಂದು ಗಂಟೆ ಸಾಕು."

"ಒಳಗೆ ಇರುವುದು?"

"ಎಲ್ಲ ಹೋಗುತ್ತದೆ. ಹೊಸದರ ಹಾಗೆ ಆಗುತ್ತದೆ ನೋಡಿ."

"ಎಲ್ಲ ಅಂದರೆ?"

"ಎಲ್ಲ ಅಂದರೆ ಎಲ್ಲ."

ಅದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಅಂಗಡಿಯ ಮೆಟ್ಟಿಲು ಇಳಿದೆ. "ಚಾರ್ಜರ್ ಇಲ್ಲಿಯೇ ಉಂಟು ಮಾರಾಯ್ರೇ" ಎಂದು ಅವರು ಹಿಂದಿನಿಂದ ಕೂಗಿದರು. ಚಾರ್ಜರಿಗಾಗಿ ಮರುದಿನ ಹೋದೆ, ಲ್ಯಾಪ್‌ಟಾಪನ್ನು ಮನೆಯಲ್ಲಿಟ್ಟು.

ದಿನಗಳು ಹೋಗುತ್ತಿದ್ದುದರಿಂದ ನಾನು ಇನ್ನೊಂದು ತಪ್ಪು ಮಾಡಿದೆ. ಕಡಲ ಬದಿಯ ಒಂದು ಮನೆಗೆ ಹೋಗಿ, ಅವಳ ಹಾಗೆ ಮಾತಾಡಿ ನೋಡೋಣ ಎಂದು ಕುಳಿತೆ. ನನಗೆ ಮಾತು ಬರುವುದಿಲ್ಲ. ಹತ್ತು ನಿಮಿಷ ಅವರ ಗೋಡೆಯ ಗಡಿಯಾರ ನೋಡಿದೆ. ಕೊನೆಗೆ, "ಮಂದಿರದ ಪಾತ್ರೆ ಯಾವುದಾದರೂ ಇಲ್ಲಿ ಇರಬಹುದಾ?" ಎಂದು ಬಾಯಿಂದ ಬಿದ್ದುಹೋಯಿತು. ಆ ಮನೆಯಾಕೆ ಒಳಗೆ ಹೋಗಿ, ಒಲೆಯ ಮೇಲಿದ್ದ ಬಾಣಲೆಯನ್ನು ಇಳಿಸಿ, ಅದರಲ್ಲಿದ್ದ ಪಲ್ಯವನ್ನು ಬೇರೆ ಪಾತ್ರೆಗೆ ಸುರಿದು, ಬಿಸಿಯಾಗಿರುವಾಗಲೇ ತಂದು ನನ್ನ ಮುಂದಿಟ್ಟರು.

ಕಂಡಕ್ಟರು ಮನೆಮನೆಗೆ ಹೋಗಿ ಪಾತ್ರೆ ವಸೂಲು ಮಾಡುತ್ತಿದ್ದಾರೆ ಎಂದು ಮಧ್ಯಾಹ್ನದೊಳಗೆ ಊರಿಡೀ ಸುದ್ದಿ. ನನ್ನ ಬಾಯಿಯಿಂದ ಕೇಳಿಸಿಕೊಳ್ಳುವ ಅವಮಾನ ಬೇಡವೆಂದು ಜನ ತಾವಾಗಿಯೇ ತರತೊಡಗಿದರು. ಮೂರು ದಿನದಲ್ಲಿ ನಮ್ಮ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಡಾಯಿಗಳು, ಹರಿವಾಣಗಳು, ಒಂದು ರಾಶಿ ಸೌಟು, ಇಡ್ಲಿ ಬೇಯಿಸುವ ಪಾತ್ರೆಯ ಮುಚ್ಚಳ ಮಾತ್ರ. ಒಂದು ಕ್ಯಾನಿನ ಮೇಲೆ ಕಲ್ಯಾಣಪುರದ ಯಾರದೋ ಮನೆಯ ಹೆಸರು ಚುಕ್ಕಿಚುಕ್ಕಿಯಾಗಿ ಕೊರೆದಿತ್ತು. ಒಬ್ಬರು ಹೊಚ್ಚ ಹೊಸ ಕುಕ್ಕರ್ ತಂದಿಟ್ಟು, "ಇದು ನಮ್ಮದೇ. ಆದರೂ ಇರಲಿ, ಅನುಮಾನ ಬೇಡ" ಎಂದು ಹೋದರು. ಅದನ್ನು ವಾಪಸು ಕೊಡಲು ಹೋದರೆ ಬಾಗಿಲು ತೆಗೆಯಲಿಲ್ಲ.

ಮಂದಿರದ ಕಾರ್ಯದರ್ಶಿಗಳು ಐಸ್ ಪ್ಲಾಂಟಿನ ಕೆಲಸ ಮುಗಿಸಿ ಬರುವಾಗ ಗೇಟಿನಲ್ಲಿ ನಿಂತರು.

"ಕಂಡಕ್ಟ್ರೇ, ಪಾತ್ರೆ ಅಂಗಡಿ ಯಾವಾಗ ಶುರು ಮಾಡಿದ್ದು?"

"ನಿಮ್ಮದೇ ಪಾತ್ರೆ. ಕೊಂಡುಹೋಗಿ."

"ಅರ್ಧ ನಮ್ಮದಲ್ಲ. ಆ ಕುಕ್ಕರ್ ಮಂದಿರದ್ದಾ?"

"ಅಲ್ಲ."

"ಮತ್ತೆ ಕೊಪ್ಪರಿಗೆ?"

"ಬರಲಿಲ್ಲ."

ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಸೌಟಿನ ರಾಶಿಯನ್ನು ನೋಡಿದರು. "ಅಕ್ಕ ಇರುವಾಗ ಹೀಗೆಲ್ಲ ಆಗುತ್ತಿರಲಿಲ್ಲ, ಅಲ್ವಾ?" ಎಂದರು. ಬೇಸರಕ್ಕೆ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ್ದು. ಅವರು ಹೋದ ಮೇಲೆ ನಾನು ಕಡಾಯಿಗಳ ನಡುವೆಯೇ ಸ್ವಲ್ಪ ಹೊತ್ತು ಕುಳಿತಿದ್ದೆ.

ಅಲ್ಲಿಯೇ ಕುಳಿತು ಕಪ್ಪೆಗೆ ಬರೆದೆ. "ಮಾನ್ಯರೇ, ನಾನು ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಹಬ್ಬ ಮಾಡಬಾರದ ವರ್ಷದಲ್ಲಿ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿಗೆ ಪೂಜೆ ಮಾಡಿದೆ. ಬಟನ್‌ಗಳ ಮೇಲೆ ಗಂಧ ಹಚ್ಚಿದೆ."

ಗಂಧವನ್ನು ಮೊಬೈಲು ಹೇಗೆ ಅನುವಾದಿಸಿತೋ ಗೊತ್ತಿಲ್ಲ. ಬಂದ ಉತ್ತರ ಹೀಗಿತ್ತು: "ನೀವು ಕೀಬೋರ್ಡಿಗೆ ಮರದ ಲೇಪವನ್ನು ಹಾಕಿದ್ದೀರಾ?"

"ಹೌದು."

"ಯಾಕೆ?"

"ಗೌರವಕ್ಕೆ."

ಕಪ್ಪೆ ಕೇಳಿತು: "ಗೌರವವನ್ನು ಎಷ್ಟು ಹಾಕಿದ್ದೀರಿ?"

"ಸ್ವಲ್ಪ ಹೆಚ್ಚಾಯಿತು."

"ಈಗ ಒಂದು ಖಾಲಿ ಪುಟ ತೆರೆಯಿರಿ. ಅದರಲ್ಲಿ ನಿಮ್ಮ ಪಾಸ್‌ವರ್ಡನ್ನು ಕಣ್ಣಿಗೆ ಕಾಣುವಂತೆ ಬರೆಯಿರಿ. ನನಗೆ ತೋರಿಸಬೇಡಿ. ನೀವು ನೋಡಿ."

ಬರೆದೆ. ನೋಡಿದೆ. ಕಾರ್ಕಳ ಇತ್ತು. ಸೊನ್ನೆ ಇತ್ತು, ಒಂದು ಇತ್ತು. ಎರಡು ಏಳುಗಳೂ ಇರಲಿಲ್ಲ. ಏಳನ್ನು ಬೆರಳಿನಿಂದ ಒತ್ತಿದೆ, ಹೆಬ್ಬೆರಳಿನಿಂದ ಒತ್ತಿದೆ. ಅದು ತಗ್ಗಿತು, ಎದ್ದಿತು, ಏನೂ ಬರೆಯಲಿಲ್ಲ. ಹದಿನಾರು ದಿನ ನಾನು ಆ ಯಂತ್ರಕ್ಕೆ ಸೊನ್ನೆ ಒಂದು ಎನ್ನುವ ಬಸ್ಸಿನ ಟಿಕೆಟ್ ಕೊಡುತ್ತಿದ್ದೆ. ಅಂಥ ಬಸ್ಸು ಕಾರ್ಕಳದಿಂದ ಯಾವತ್ತೂ ಹೊರಟದ್ದಿಲ್ಲ. ಅದು ಹತ್ತಿಸಿಕೊಳ್ಳದೆ ಇದ್ದದ್ದು ಸರಿಯಾಗಿಯೇ ಇತ್ತು.

ಕಪ್ಪೆ ಹೇಳಿದಂತೆ ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ, ಹಲ್ಲುಕಡ್ಡಿಯಿಂದ ಬಟನನ್ನು ಮೆಲ್ಲನೆ ಎಬ್ಬಿಸಿದೆ. ಕೆಳಗೆ ಗಂಧ ಗಟ್ಟಿಯಾಗಿ ಕುಳಿತಿತ್ತು. ಹತ್ತಿಯಲ್ಲಿ ಒರೆಸಿ, ಒಣಗಲು ಬಿಟ್ಟು, ಬಟನನ್ನು ಮೊದಲಿದ್ದ ಹಾಗೆ ಕೂರಿಸಿದೆ. ಏಳು ಬಂತು. ಸುಮ್ಮನೆ ಒಂದು ಸಾಲು ಪೂರ್ತಿ ಏಳು ಬರೆದೆ.

ಡೇಟಾಬೇಸ್ ತೆರೆಯಿತು. ನೋಟುಬುಕ್ಕಿನಲ್ಲಿದ್ದ ಪ್ರಶ್ನೆಯ ಸಾಲನ್ನು ನೋಡಿ ಬರೆದು ಎಂಟರ್ ಒತ್ತಿದೆ. ಏನೂ ಆಗಲಿಲ್ಲ. ನಾನೂ ಅದೂ ಮುಖ ಮುಖ ನೋಡಿಕೊಂಡು ಕಾದೆವು. ಆಮೇಲೆ ನೋಡಿದರೆ ನೋಟುಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: "ಕೊನೆಗೆ ಅರ್ಧವಿರಾಮ ಹಾಕಿ. ನೀವು ಸೀಟಿ ಊದದೆ ಬಸ್ಸು ಹೊರಡುತ್ತದಾ?" ಹಾಕಿದೆ. ಹೊರಟಿತು.

ಕೊಪ್ಪರಿಗೆ, ಪಾತ್ರೆ ನಂಬರ್ ಒಂದು. ಎರಡು ವರ್ಷದ ಹಿಂದೆ, ತೊಟ್ಟಿಲು ಶಾಸ್ತ್ರಕ್ಕೆ ಹೋದದ್ದು. ಬಂದ ದಿನಾಂಕ ಖಾಲಿ. ಮನೆ: ಕಾರ್ಕಳ, ಅಕ್ಕ.

ಅದನ್ನು ಮೂರು ಸಲ ಓದಿದೆ. ಅತ್ತಿಗೆಯ ಮೊಮ್ಮಗಳ ತೊಟ್ಟಿಲು ಶಾಸ್ತ್ರಕ್ಕೆ ನಾನೂ ಹೋಗಿದ್ದೆ, ಪಾಯಸ ಎರಡು ಸಲ ಹಾಕಿಸಿಕೊಂಡಿದ್ದೆ. ಮೊನ್ನೆ ಅತ್ತಿಗೆಯ ಚಾವಡಿಯಲ್ಲಿ ಟೀ ಲೋಟ ಯಾವುದರ ಮೇಲೆ ಇಟ್ಟಿದ್ದೆ ಎನ್ನುವುದೂ ನೆನಪಾಯಿತು.

ಮನೆಗಳ ಪಟ್ಟಿಯನ್ನು ತೆರೆದು ನೋಡಿದೆ. ಅದರಲ್ಲಿ ವಿಳಾಸದ ಪಕ್ಕ "ಮಾತು" ಎನ್ನುವ ಒಂದು ಅಂಕಣವಿತ್ತು. ತನಗೆ ತಾನೇ ಬರೆದುಕೊಂಡದ್ದು.

"ಮೊಣಕಾಲು ಹೇಗಿದೆ ಕೇಳು. ಅರ್ಧ ಗಂಟೆ ಬೇಕು."

"ನಾಯಿ ಕಚ್ಚುವುದಿಲ್ಲ, ಯಜಮಾನರು ಕಚ್ಚುತ್ತಾರೆ. ಊಟದ ನಂತರ ಹೋಗು, ಮಲಗಿರುತ್ತಾರೆ."

"ಇಲ್ಲಿ ಟೀಗೆ ಸಕ್ಕರೆ ಹಾಕುವುದಿಲ್ಲ. ಮುಖ ಹಾಗೆ ಮಾಡಬೇಡ."

ಕಡಲ ಬದಿಯ ಆ ಮನೆಯ ಪಕ್ಕ: "ಬಾಣಲೆ ಒಂದೇ ಇರುವುದು, ಪಾಪ. ಕೇಳಲೇ ಬೇಡ, ಅಲ್ಲಿಯೇ ಇರಲಿ."

ಇದನ್ನು ಓದಿ ಎದ್ದು ಹೋಗಿ, ಜಗಲಿಯ ರಾಶಿಯಿಂದ ಆ ಬಾಣಲೆಯನ್ನು ಹುಡುಕಿ, ತೊಳೆದು, ಅವರ ಮನೆಗೆ ಒಯ್ದು ಕೊಟ್ಟು ಬಂದೆ. "ಮಂದಿರದ್ದಲ್ಲವಂತೆ, ತಪ್ಪಾಯಿತು" ಎಂದೆ. ಅವರು ಅದೇ ಪಲ್ಯ ಹಾಕಿದ ಒಂದು ಬಟ್ಟಲು ಕೊಟ್ಟರು. ಆಮೇಲೆ ಬಂದು ಅಕ್ಕನ ಸಾಲು ಓದಿದೆ.

"ಬೈಯಲು ಬಿಡು. ನಡುವೆ ಮಾತಾಡಬೇಡ. ಬೈದು ಮುಗಿದ ಮೇಲೆ ತಾನೇ ಕೊಡುತ್ತಾಳೆ."

ಮರುದಿನ ಕಾರ್ಕಳಕ್ಕೆ ಹೋದೆ. ಅದೇ ಕುರ್ಚಿ, ಅದೇ ಫ್ಯಾನು. ಬೈಸಿಕೊಳ್ಳಲು ಒಂದು ಕಾರಣ ಬೇಕಿತ್ತು. ನನ್ನ ಬಳಿ ಇತ್ತು.

"ಅತ್ತಿಗೆ, ನಾನು ಈ ಸಲ ಆಯುಧ ಪೂಜೆ ಮಾಡಿದೆ."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಅವರು ಕೈ ಒರೆಸಿಕೊಳ್ಳುತ್ತ ಬಂದರು.

"ಎಂತ ಮಾಡಿದಿರಿ?"

"ಪೂಜೆ. ಲ್ಯಾಪ್‌ಟಾಪಿಗೆ."

"ವರ್ಷ ತುಂಬದೆ?"

"ಹೌದು."

ಅಲ್ಲಿಂದ ಮುಂದಿನದ್ದನ್ನು ಪೂರ್ತಿ ಬರೆಯಲು ಪುಟ ಸಾಲದು. ನಿಮಗೆ ಮರ್ಲಾ, ಹುಚ್ಚಾ ಭಾವ ಎಂದು ಆರಂಭವಾಗಿ, ನಮ್ಮ ಮನೆಯ ಹಿರಿಯರಿಗೆ ಬಂದು, ಕಂಡಕ್ಟರುಗಳ ಜಾತಿಗೇ ಬುದ್ಧಿಯಿಲ್ಲ ಎನ್ನುವಲ್ಲಿ ಸ್ವಲ್ಪ ನಿಂತು, ಮದುವೆಯ ದಿನ ನಾನು ಪೇಟ ಓರೆಯಾಗಿ ಕಟ್ಟಿದ್ದಕ್ಕೆ ಹೋಯಿತು. ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಸಣ್ಣ ಸ್ಟಾಪುಗಳಲ್ಲಿ ನಿಲ್ಲಲೇ ಇಲ್ಲ. ನಾನು ನಡುವೆ ಮಾತಾಡಲಿಲ್ಲ. ಮುಕ್ಕಾಲು ಗಂಟೆಯ ನಂತರ ಅವರ ಸ್ವರ ಇಳಿಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಎದುರು ಕುಳಿತರು.

"ಎಷ್ಟು ಗಂಧ ಹಚ್ಚಿದಿರಿ?"

"ಬಸ್ಸಿಗೆ ಹಚ್ಚುವಷ್ಟು."

ಅತ್ತಿಗೆಗೆ ನಗು ಬಂತು. ನಗುತ್ತ ನಗುತ್ತ ಅದು ಬೇರೆ ಏನೋ ಆಯಿತು. ನಾನು ಗೋಡೆ ನೋಡುತ್ತ ಕುಳಿತೆ. ಸ್ವಲ್ಪ ಹೊತ್ತಾದ ಮೇಲೆ ಅವರು ಎದ್ದು, ಸೆಕೆಯಾಗುತ್ತದೆಂದು ಫ್ಯಾನನ್ನು ನನ್ನ ಕಡೆ ತಿರುಗಿಸಲು ಹೋದರು. ಕೈ ಫ್ಯಾನಿನ ಮೇಲೆಯೇ ನಿಂತಿತು. ಫ್ಯಾನ್ ಆರಿಸಿದರು, ಎತ್ತಿ ನೆಲದ ಮೇಲಿಟ್ಟರು, ಸೀರೆಯನ್ನು ಎಳೆದರು, ಬಾಯಿಗೆ ಮುಚ್ಚಿದ್ದ ಹಲಗೆಯನ್ನು ಸರಿಸಿದರು.

ತಾಮ್ರ ಕಪ್ಪಾಗಿತ್ತು. ಒಳಗೆ ಎರಡು ಕಂಬಳಿಗಳು, ತೊಟ್ಟಿಲಿಗೆ ಕಟ್ಟಿದ್ದ ಬಣ್ಣದ ಕಾಗದ.

"ಎರಡು ವರ್ಷದಿಂದ ಫ್ಯಾನಿನ ಸ್ಟೂಲು ಅಂತಲೇ ತಲೆಯಲ್ಲಿ ಕೂತದ್ದು" ಎಂದರು. ನನ್ನ ಕಡೆ ನೋಡಲಿಲ್ಲ. "ಇಲ್ಲಿ ಉಂಟು ಅಂತ ನಿಮಗೆ ಗೊತ್ತಿತ್ತಾ?"

"ನಿನ್ನೆ ಗೊತ್ತಾಯಿತು."

"ಯಾರು ಹೇಳಿದ್ದು?"

"ನಿಮ್ಮ ತಂಗಿ."

ಅತ್ತಿಗೆ ಕಂಬಳಿಗಳನ್ನು ಒಂದೊಂದಾಗಿ ತೆಗೆದು ಮಡಚಿದರು. ಆಮೇಲೆ ಹುಣಸೆಹುಳಿ ತಂದು ತಿಕ್ಕಲು ಕುಳಿತರು. ನಾನು ಇನ್ನೊಂದು ಬದಿಯಿಂದ ತಿಕ್ಕಿದೆ. "ದನಕ್ಕೆ ನೀರು ಕೊಡಲಿಕ್ಕೆ ಇಟ್ಟವರು ನಾವಲ್ಲ" ಎಂದು ಅವರು ಒಮ್ಮೆ ಹೇಳಿದರು. ಅಲ್ಲ ಎಂದು ನಾನು ಒಪ್ಪಿದೆ.

ಕಾರ್ಕಳದಿಂದ ಕಾಪುವಿಗೆ ಹತ್ತಿರದ ದಾರಿ ಪಡುಬಿದ್ರಿಯ ಮೇಲಿನದು. ನಾನು ಕೊಪ್ಪರಿಗೆಯನ್ನು ಮಣಿಪಾಲದ ಮೇಲೆ ಹೋಗುವ ಬಸ್ಸಿಗೆ ಹತ್ತಿಸಿದೆ. ಕಂಡಕ್ಟರು ಪರಿಚಯದವರೇ.

"ಇದಕ್ಕೆ ಫುಲ್ಲಾ, ಹಾಫಾ?" ಎಂದರು.

"ಫುಲ್. ಕಾರ್ಕಳದಿಂದ ಹತ್ತಿದ್ದು."

ಹಿಂದಿನ ಸೀಟಿನಲ್ಲಿ ಕಿಟಕಿಯ ಬದಿಗೆ ಇಟ್ಟು ಪಕ್ಕದಲ್ಲಿ ಕುಳಿತೆ. ಮಣಿಪಾಲದಲ್ಲಿ ಬಸ್ಸು ನಿಂತಾಗ ಇಳಿಯುವವರು ಇಳಿದರು. ನಾವು ಮುಂದೆ ಹೋದೆವು.

ವರ್ಷಾಂತದ ದಿನ ಅದರಲ್ಲಿಯೇ ಪಾಯಸವಾಯಿತು. ಅತ್ತಿಗೆ ಮೊದಲ ಸಾಲಿನಲ್ಲಿ ಕುಳಿತು ಉಂಡರು, ಪಾಯಸ ಮೂರು ಸಲ ಹಾಕಿಸಿಕೊಂಡರು, ಏಲಕ್ಕಿ ಸಾಲದು ಎಂದರು. ಕುಕ್ಕರಿನ ಮನೆಯವರೂ ಬಂದಿದ್ದರು. ಹೋಗುವಾಗ ಕುಕ್ಕರ್ ಕೊಟ್ಟೆ. ತೆಗೆದುಕೊಂಡರು.

ಬಳಗದಲ್ಲಿ ಸಮಸ್ಯೆ ಬಗೆಹರಿದರೆ ಪರಿಹಾರವನ್ನು ಬರೆಯುವ ಕ್ರಮವಿದೆ, ಮುಂದೆ ಅದೇ ತೊಂದರೆಯಾದವರಿಗೆ ಉಪಯೋಗವಾಗಲೆಂದು. "ಏಳರ ಅಡಿಯಲ್ಲಿದ್ದ ಗೌರವವನ್ನು ತೆಗೆದೆ" ಎಂದು ಬರೆದೆ. ಮೇಲ್ವಿಚಾರಕರು ಅದನ್ನು ತಿದ್ದದೆ ಬಿಟ್ಟಿದ್ದಾರೆ. ಅದರ ಕೆಳಗೆ ಕಪ್ಪೆ ಒಂದೇ ಸಾಲು ಬರೆಯಿತು: "ಕೊಪ್ಪರಿಗೆ ಎಂದರೇನು ಎಂದು ಈಗ ತಿಳಿದುಕೊಂಡೆ. ಪಾಯಸ ಹೇಗಿತ್ತು?" ಏಲಕ್ಕಿ ಸಾಲಲಿಲ್ಲ ಎಂದು ಉತ್ತರಿಸಿದೆ.

ಆಮೇಲೆ ಒಂದು ವಾರ ಜಗಲಿಯ ಪಾತ್ರೆಗಳನ್ನು ಒಂದೊಂದಾಗಿ ನೋಡಿ, ಬಂದವಕ್ಕೆ ಬಂದ ದಿನಾಂಕ ತುಂಬಿಸಿದೆ. ಕೊಪ್ಪರಿಗೆಯ ಸಾಲನ್ನೂ ಮುಗಿಸಿದೆ. ಇನ್ನೂ ಬರಬೇಕಾದವು ಯಾವುವು ಎಂದು ಕೇಳಿದಾಗ ಕೆಲವು ಸಾಲುಗಳು ಬಂದವು. ಅದರಲ್ಲಿ ಒಂದು ನಮ್ಮದೇ ಮನೆಯ ನಂಬರ್. ಮರದ ಹಿಡಿಯ ಹಿತ್ತಾಳೆ ಸೌಟು ಒಂದು, ಒಯ್ದು ಆರು ವರ್ಷ.

ಆ ಸೌಟು ನನಗೆ ಗೊತ್ತು. ಗಂಜಿ ಬಡಿಸಿಕೊಳ್ಳುವುದು ಅದರಲ್ಲಿಯೇ. ಅವಳಿರುವಾಗಲೂ ಅದೇ, ಈ ಒಂದು ವರ್ಷ ಒಬ್ಬನೇ ಉಣ್ಣುವಾಗಲೂ ಅದೇ. ಮಂದಿರದ್ದೆಂದು ಅವಳು ಹೇಳಿರಲಿಲ್ಲ. ನಮ್ಮ ಮನೆಯ "ಮಾತು" ಏನೆಂದು ನೋಡಿದೆ.

"ಇವರಿಗೆ ಹೇಳಿ ಪ್ರಯೋಜನವಿಲ್ಲ. ಕೇಳಿದರೆ ಇಲ್ಲ ಎನ್ನುವುದಿಲ್ಲ, ಎಲ್ಲಿದೆ ಎಂದೂ ಗೊತ್ತಿರುವುದಿಲ್ಲ. ನಾನೇ ಒಂದು ದಿನ ಕೊಂಡುಹೋಗಿ ಕೊಡಬೇಕು."

ಮಂದಿರ ನಮ್ಮ ಮನೆಯಿಂದ ಇನ್ನೂರು ಹೆಜ್ಜೆ. ಕಾರ್ಯದರ್ಶಿಗಳು ದಿನವೂ ಗೇಟಿನ ಮುಂದೆ ಹಾದುಹೋಗುತ್ತಾರೆ. ಸೌಟನ್ನು ತೊಳೆದು, ನಮ್ಮ ಅಡುಗೆಮನೆಯಲ್ಲಿ ಮೊದಲಿದ್ದ ಮೊಳೆಗೇ ತೂಗುಹಾಕಿದ್ದೇನೆ. ಅವರು ಬಾಯಿಬಿಟ್ಟು ಕೇಳುವುದಿಲ್ಲ. ಆ ಸಾಲಿನಲ್ಲಿ ಬಂದ ದಿನಾಂಕದ ಜಾಗ ಈಗಲೂ ಖಾಲಿ ಇದೆ.